ಎಲ್ಹನಾನನ ಬಾಲ್ಕನಿಗಳು

ಕಾರ್ಮೆಲ್, ಹೈಫಾ
20 ಅಕ್ಟೋಬರ್ 1968

ಪ್ರೀತಿಯ ಲೋಟ್ಟೆ ಅಕ್ಕನಿಗೆ, ನಿನ್ನ ತಮ್ಮ ಹನೋಖ್ ಮಾಡುವ ಶಾಲೋಮ್.

ನಮ್ಮ ಹೊಸ ವರ್ಷದ ಹಬ್ಬಕ್ಕೆ ನೀನು ಕಳಿಸಿದ ಖರ್ಜೂರದ ಡಬ್ಬಿ ಬಂದು ತಿಂಗಳಾಗುತ್ತ ಬಂತು. ತಲುಪಿತು ಎಂದು ಒಂದು ಸಾಲು ಬರೆಯಲಿಲ್ಲ. ಕೈತುಂಬ ಕೆಲಸವಿತ್ತು ಎಂದು ಸುಳ್ಳು ಹೇಳಬಹುದಿತ್ತು. ಆದರೆ ಕೆಲಸ ಇರಲಿಲ್ಲ ಅಕ್ಕ, ಮನಸ್ಸು ಸರಿ ಇರಲಿಲ್ಲ. ಕ್ಷಮಿಸು. ನಿನ್ನ ಮಂಡಿನೋವು ಹೇಗಿದೆ? ತೋಟದ ಕೆಲಸ ಬಿಡಿಸಿ ಹೊಲಿಗೆ ಕೋಣೆಗೆ ಹಾಕಿ ಎಂದು, ಎಲ್ಲರೂ ಕೂಡಿ ದುಡಿದು ಉಣ್ಣುವ ನಿಮ್ಮ ಕಿಬ್ಬುತ್ಸಿನ ಸಭೆಯಲ್ಲಿ ಎದ್ದು ನಿಂತು ಕೇಳು. ಅಲ್ಲಿ ಬಾಯಿ ಬಿಡದವರಿಗೆ ಕುರ್ಚಿಯೂ ಸಿಗುವುದಿಲ್ಲ. ಗಡಿಯಾಚೆಯಿಂದ ನಿಮ್ಮ ಕಣಿವೆಯ ಮೇಲೆ ಶೆಲ್ ಬಿತ್ತು ಎಂದು ರೇಡಿಯೊ ಹೇಳಿದಾಗಲೆಲ್ಲ ನನ್ನಾಕೆ ಶಿಫ್ರಾ ಮಾಡುತ್ತಿದ್ದ ಕೆಲಸ ಬಿಟ್ಟು ಬಂದು ನಿಲ್ಲುತ್ತಾಳೆ.

ಪತ್ರಿಕೆಯಲ್ಲಿ ಎಲ್ಹನಾನ್ ಬ್ರೋಡನ ಫೋಟೋ ನೀನೂ ನೋಡಿರುತ್ತೀಯ. ಅದೇ ಖಾಕಿ ಚಡ್ಡಿ, ಅದೇ ಕೆದರಿದ ತಲೆ. ಹಿಂದೆ ಕಾಂಕ್ರೀಟಿನ ಬೆಟ್ಟದ ಹಾಗೆ ಅವನ ಹೊಸ ಕಟ್ಟಡ. 'ದೇಶಕ್ಕೆ ಮುಖ ಕೊಟ್ಟ ವಾಸ್ತುಶಿಲ್ಪಿ' ಎಂದು ಕೆಳಗೆ ಬರೆದಿದ್ದಾರೆ. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದಾಗ ಅವನಿಗೆ ನೆಟ್ಟಗೆ ಒಂದು ಗೆರೆ ಎಳೆಯಲು ಬರುತ್ತಿರಲಿಲ್ಲ. ನನ್ನ ಅಳತೆಪಟ್ಟಿ ಎರವಲು ತೆಗೆದುಕೊಂಡು ಹೋದರೆ ಅದರ ಮೇಲೆ ಟೊಮೆಟೊ ಹೆಚ್ಚಿ ವಾಪಸು ಕೊಡುತ್ತಿದ್ದ. ನಾನು ಆಗಸ್ಟ್ ತಿಂಗಳ ಸೆಕೆಯಲ್ಲೂ ಟೈ ಕಟ್ಟಿಕೊಂಡು ತರಗತಿಗೆ ಹೋಗುತ್ತಿದ್ದೆ. ಜರ್ಮನಿಯ ಬ್ರೆಸ್ಲಾವಿನಲ್ಲಿ ಅಪ್ಪ ಕಲಿಸಿದ ಶಿಸ್ತು ನಿನಗೆ ಗೊತ್ತೇ ಇದೆ. ಅಧ್ಯಾಪಕರು ನನ್ನ ನಕ್ಷೆಯನ್ನು ಗೋಡೆಗೆ ಅಂಟಿಸುತ್ತಿದ್ದರು, ಆಮೇಲೆ ಅವನ ಪಕ್ಕದಲ್ಲಿ ಹೋಗಿ ಕುಳಿತು ನಗುತ್ತ ಹರಟುತ್ತಿದ್ದರು. ಆಗಿನಿಂದಲೂ ಹೀಗೆಯೇ.

ದೇಶ ಹುಟ್ಟಿದ ಮೇಲೆ ಅವನಿಗೆ ಯೋಗ ಕೂಡಿಬಂತು. ಮೊದಲು ವಲಸೆ ಬಂದವರ ಶಿಬಿರಗಳಲ್ಲಿ ತಗಡಿನ ಗುಡಿಸಲು ಹಾಕಿಸಿದ. ಆಮೇಲೆ ನೆಗೆವ್ ಮರುಭೂಮಿಯಲ್ಲಿ ಶಾಲೆ, ನ್ಯಾಯಾಲಯ, ಸುಣ್ಣ ಬಣ್ಣ ಏನೂ ಇಲ್ಲದ ಬರೀ ಕಾಂಕ್ರೀಟಿನ ಒಂದು ನಾಟಕಶಾಲೆ. ಕಾಂಕ್ರೀಟು ಹೊಯ್ಯಲು ಕಟ್ಟಿದ ಹಲಗೆಯ ಗುರುತು ಗೋಡೆಯ ಮೇಲೆ ಹಾಗೇ ಉಳಿಯಲಿ ಎಂದ. ನಾನು ಬಿಟ್ಟಿದ್ದರೆ ಅದು ಸೋಮಾರಿತನ, ಅವನು ಬಿಟ್ಟರೆ ಪ್ರಾಮಾಣಿಕತೆ! ನೀನು ಮೂರು ಹೊತ್ತು ಉಣ್ಣುವುದೂ ಅವನು ಕಟ್ಟಿದ ಊಟದ ಮನೆಯಲ್ಲೇ. 'ಗಾಳಿ ಚೆನ್ನಾಗಿ ಬರುತ್ತದೆ ಕಣೋ' ಎಂದು ನೀನೂ ಬರೆದಿದ್ದೆ. ಆ ದಿನ ನನಗೆ ಊಟ ಸೇರಲಿಲ್ಲ. ಹೊಟ್ಟೆಕಿಚ್ಚು ಎನ್ನುತ್ತೀಯಾ? ಅನ್ನು. ನಾನೂ ಅದನ್ನೇ ಅನ್ನುತ್ತೇನೆ.

ಈಗ ನಡೆದ ಸಂಗತಿ ಕೇಳು. ಬೇರ್ ಶೆವಾ ಪಟ್ಟಣದ ಆಚೆ ದೇವಭಕ್ತ ಸಂಸಾರಗಳಿಗೆಂದು ಹೊಸ ಬಡಾವಣೆ ಏಳುತ್ತಿದೆ. ಮೊದಲು ಒಂದು ಕಟ್ಟಡ ನಾನು ಕಟ್ಟಬೇಕು, ಎದುರಿಗೆ ಒಂದು ಎಲ್ಹನಾನ್ ಕಟ್ಟಬೇಕು, ಬಂದು ನೆಲೆಸಿದವರಿಗೆ ಯಾವುದು ಹಿಡಿಸುತ್ತದೋ ಅವನಿಗೆ ಉಳಿದ ಬಡಾವಣೆಯೆಲ್ಲ ಎಂದು ಸಮಿತಿಯವರು ಹೇಳಿದ್ದರು. ನನ್ನ ವಯಸ್ಸಿನಲ್ಲಿ ಇನ್ನೊಂದು ಇಂಥ ಕೆಲಸ ಬರುವುದಿಲ್ಲ ಅಕ್ಕ. ಜೀವ ತೇದು ನಕ್ಷೆ ಮಾಡಿದೆ. ನನ್ನ ಬಾಲ್ಕನಿಗಳು ಒಂದರ ಮೇಲೊಂದು, ನೆಲದಿಂದ ಮಾಳಿಗೆಯವರೆಗೆ ದಾರ ಹಿಡಿದಂತೆ ನಿಂತವು. ಅವನವು ಅರ್ಧ ಎಳೆದ ಮೇಜಿನ ಖಾನೆಗಳ ಹಾಗೆ ಒಂದು ಎಡಕ್ಕೆ, ಒಂದು ಬಲಕ್ಕೆ, ಯಾವುದರ ತಲೆಯ ಮೇಲೂ ಇನ್ನೊಂದಿಲ್ಲ. ನಾನು ನಕ್ಕೆ. ವಿಮರ್ಶಕರು ಬಂದು ನೋಡಿ 'ಸರಳರೇಖೆಯ ವಿರುದ್ಧ ಬಂಡಾಯ' ಎಂದು ಬರೆದರು. ಇನ್ನೂ ನಕ್ಕೆ.

ಭಕ್ತರು ಏಳು ದಿನ ಗರಿಯ ಚಪ್ಪರದಡಿಯೇ ಉಂಡು ಮಲಗುವ ಆ ಚಪ್ಪರದ ಹಬ್ಬದ ಹಿಂದಿನ ದಿನ ಅಲ್ಲಿಗೆ ಹೋದೆ. ನನ್ನ ಕಟ್ಟಡದ ಮೆಟ್ಟಿಲ ತುಂಬ ಜನ. ಗಂಡಸರು ಹಲಗೆ, ಖರ್ಜೂರದ ಗರಿ ಹೊತ್ತು ಕೆಳಗಿಳಿಯುತ್ತಿದ್ದಾರೆ, ಹಿಂದೆ ಹೆಂಗಸರು ಪಾತ್ರೆ, ಹಾಸಿಗೆ, ಕೂಸು. ಉಪ್ಪಿನಕಾಯಿ ಮಾರುವ ಗೀಸ್ಯಾ ಎಂಬ ದಪ್ಪ ಹೆಂಗಸು ನನ್ನ ಟೈ ನೋಡಿಯೇ ಗುರುತು ಹಿಡಿದಳು.

"ಇದನ್ನ ಕಟ್ಟಿದ್ದು ನೀನೇನಾ?"

"ಹೌದಮ್ಮ."

"ಬಾಲ್ಕನಿ ಚೆನ್ನಾಗಿದೆ. ಬಟ್ಟೆ ಬೇಗ ಒಣಗತ್ತೆ. ಆದ್ರೆ ಅಲ್ಲಿ ನಿಂತ್ಕೊಂಡು ತಲೆ ಎತ್ತಿದ್ರೆ ಏನು ಕಾಣತ್ತೆ?"

"ಮೇಲಿನ ಮನೆಯ ಬಾಲ್ಕನಿ."

"ದೇವರೇನು ಅಲ್ಲಿ ಬಾಡಿಗೆಗಿದಾನಾ? ಚಪ್ಪರದ ಮೇಲೆ ಆಕಾಶ ಇರ್ಬೇಕು ಅಂತ ನಿಮ್ಮನೇಲಿ ಯಾರೂ ಹೇಳ್ಲಿಲ್ವಾ? ಏಳು ದಿನ ಸಾರಿನ ಪಾತ್ರೆ ಹೊತ್ಕೊಂಡು ಹತ್ತಿ ಇಳೀಬೇಕು ನಾನು. ಎದುರುಗಡೆಯವ್ರನ್ನ ನೋಡು, ಅಡುಗೆಮನೆಯಿಂದ ಎರಡು ಹೆಜ್ಜೆ!"

ತಿರುಗಿ ನೋಡಿದೆ. ಎಲ್ಹನಾನನ ಒಂದೊಂದು ಬಾಲ್ಕನಿಯಲ್ಲೂ ಒಂದೊಂದು ಹಸಿರು ಚಪ್ಪರ, ಒಂದೊಂದರ ಮೇಲೂ ಬಿಚ್ಚಿದ ಆಕಾಶ. ಆ ಅಡ್ಡಾದಿಡ್ಡಿ ಖಾನೆಗಳ ಅರ್ಥ ಆಗ ಆಯಿತು. ಹಂದಿಮಾಂಸ ತಿನ್ನುವ, ಉಪವಾಸದ ದಿನವೂ ಸಿಗರೇಟು ಸೇದುವ ಎಲ್ಹನಾನನಿಗೆ ಇದು ಹೇಗೆ ಹೊಳೆಯಿತು? ನನ್ನ ಹಾಗೆ ಅವನೂ ಮರೆಯಬೇಕಿತ್ತು. ಸರಳರೇಖೆ ಕಲಿತ ನಾವೆಲ್ಲ ಮರೆಯುವಂಥದ್ದೇ ಅದು.

ಹಬ್ಬದ ನಡುವೆ ಅವನ ಕಟ್ಟಡದ ಅಂಗಳದಲ್ಲೇ ದೊಡ್ಡ ಚಪ್ಪರ ಹಾಕಿ ಸಮಿತಿಯವರು ಫಲಿತಾಂಶ ಹೇಳಿದರು. ಬಡಾವಣೆಯೆಲ್ಲ ಅವನಿಗೆ. ಅದನ್ನು ನಾನು ನಿರೀಕ್ಷಿಸಿಯೇ ಹೋಗಿದ್ದೆ, ಮುಖಕ್ಕೊಂದು ನಗು ಅಂಟಿಸಿಕೊಂಡು. ಶಿಫ್ರಾ ನನ್ನ ಪಕ್ಕ ಕುಳಿತಿದ್ದಳು. ಎಲ್ಹನಾನ್ ಎದ್ದು ನಿಂತು ಕೈಯಲ್ಲಿನ ವೈನ್ ಲೋಟವನ್ನು ನಮ್ಮ ಕಡೆಗೆ ಎತ್ತಿದ.

"ಬಂಡಾಯ ಗಿಂಡಾಯ ಏನೂ ಇಲ್ಲ ಇದ್ರಲ್ಲಿ. ಈ ಬಾಲ್ಕನಿ ನನ್ನ ತಲೇಲಿ ಹುಟ್ಟಿದ್ದೂ ಅಲ್ಲ. ಅಲ್ಲಿ ಕೂತಿದಾಳಲ್ಲ ಶಿಫ್ರಾ, ಅವಳ ಅಡುಗೆಮನೇಲಿ ಹುಟ್ಟಿದ್ದು."

ಜನ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ, "ಹನೋಖ್, ನಿನ್ನ ಹೆಂಡ್ತೀನ ಆಫೀಸಿಗೆ ಕಳಿಸಿ ನೀನು ಸಾರು ಮಾಡೋ!" ಎಂದು ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಶಿಫ್ರಾಳ ಕಡೆ ನೋಡಿದೆ. ಮುಖ ಕಿವಿಯವರೆಗೂ ಕೆಂಪೇರಿ ನಗುತ್ತಿದ್ದಳು. ಅಂಥ ನಗುವನ್ನು ನಾನು ಅವಳ ಮುಖದಲ್ಲಿ ನೋಡಿ ಎಷ್ಟು ವರ್ಷವಾಯಿತೋ! ಆ ನಗು ಅವನಿಗೆ ಸಿಕ್ಕಿತು ಅಕ್ಕ. ಬಡಾವಣೆ ಹೋದದ್ದಕ್ಕಿಂತ ಅದು ಹೆಚ್ಚು ಉರಿಯಿತು. ಹೊರಡುವಾಗ ಎಲ್ಹನಾನ್ ನನ್ನ ಹೆಗಲ ಮೇಲೆ ಕೈ ಹಾಕಿ, "ನಿನ್ನ ಕಟ್ಟಡಕ್ಕೂ ಏನಾದ್ರೂ ದಾರಿ ಹುಡುಕೋಣ ಬಿಡೋ," ಎಂದ. ಆ ಕೈಯನ್ನು ಕಚ್ಚಬೇಕು ಎನಿಸಿತು.

ಮರುದಿನ ತಿಂಡಿಯ ಹೊತ್ತಿಗೆ ಕೇಳಿಯೇಬಿಟ್ಟೆ. ಶಿಫ್ರಾ ಸೌತೆಕಾಯಿ ಸಣ್ಣಗೆ ಹೆಚ್ಚುತ್ತಿದ್ದಳು.

"ಅವನು ಯಾವಾಗ ಬಂದಿದ್ದ?"

"ಯಾವಾಗ್ಲೂ ಬರ್ತಾನಲ್ಲ."

"ನಾನಿಲ್ಲದಾಗ?"

"ನೀನಿದ್ದೆ. ಮಲಗಿದ್ದೆ."

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾನು ಮಲಗುತ್ತೇನೆ, ಅಪ್ಪನೂ ಮಲಗುತ್ತಿದ್ದರು. ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಗಂಟೆ ಒತ್ತುವವನನ್ನು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವನು ಗಂಟೆ ಒತ್ತಲಿಲ್ಲವಂತೆ, ಅಡುಗೆಮನೆಯ ಕಿಟಕಿ ತಟ್ಟಿದನಂತೆ. ಅವಳು ಬಾಗಿಲು ತೆಗೆದಳಂತೆ. ಪಕ್ಕದ ಕೋಣೆಯಲ್ಲಿ ನನ್ನ ಗೊರಕೆ ಕೇಳುತ್ತ ಇಬ್ಬರೂ ಕಾಫಿ ಕುಡಿದಿದ್ದಾರೆ!

"ಇನ್ನು ಅವನು ಈ ಮನೆಗೆ ಬರಕೂಡದು," ಎಂದೆ.

"ಬರ್ತಾನೆ. ನಿನಗೆ ಕಷ್ಟ ಆದ್ರೆ ನೀನು ಮಲಗಿರು, ಬಾಗಿಲು ನಾನು ತೆಗೀತೀನಿ," ಎಂದಳು. ದನಿ ಏರಿಸಲೇ ಇಲ್ಲ. ಆಮೇಲೂ ಸ್ವಲ್ಪ ಮಾತು ನಡೆಯಿತು. ಅದನ್ನೆಲ್ಲ ಬರೆದು ನಿನ್ನ ತಲೆ ಕೆಡಿಸುವುದಿಲ್ಲ.

ಕೆಟ್ಟದ್ದೇನೂ ನಡೆದಿಲ್ಲ ಎಂದು ನನಗೆ ಗೊತ್ತು. ಶಿಫ್ರಾ ಅಂಥವಳಲ್ಲ, ಸತ್ಯ ಹೇಳಬೇಕೆಂದರೆ ಅವನೂ ಅಂಥವನಲ್ಲ. ಅಂಥವನಾಗಿದ್ದರೆ ನನಗೆ ಸುಲಭವಿತ್ತು. ಬಾಗಿಲು ಹಾಕಿ ಬೈದು ಹಗುರಾಗುತ್ತಿದ್ದೆ. ಈಗ ಯಾರನ್ನು ಬೈಯಲಿ? ಮಧ್ಯಾಹ್ನ ಮಲಗುತ್ತೇನೆ, ನಿದ್ದೆ ಬರುವುದಿಲ್ಲ, ಅಡುಗೆಮನೆಯ ಕಡೆ ಕಿವಿ ಕೊಟ್ಟು ಬಿದ್ದಿರುತ್ತೇನೆ.

ಇರಲಿ. ಭಾವನಿಗೆ ನನ್ನ ನಮಸ್ಕಾರ ಹೇಳು. ಶೆಲ್ ಬಿದ್ದಾಗ ಸಿಗರೇಟು ಸೇದಲು ಹೊರಗೆ ನಿಲ್ಲುವ ಅಭ್ಯಾಸ ಬಿಡಲಿ. ಮೊಮ್ಮಕ್ಕಳಿಗೆ ಬಣ್ಣದ ಪೆನ್ಸಿಲ್ ಕಳಿಸಿದ್ದೇನೆ, ಕಿಬ್ಬುತ್ಸಿನವರು ಎಲ್ಲ ಮಕ್ಕಳಿಗೂ ಹಂಚಿದರೆ ನಮ್ಮವರಿಗೆ ಕೆಂಪಾದರೂ ಉಳಿಯಲಿ. ನಿಮ್ಮ ಕಣಿವೆಯಲ್ಲಿ ಈ ವರ್ಷ ನೆಮ್ಮದಿ ಇರಲಿ, ನಿನ್ನ ಮಂಡಿಗೆ ಬಲ ಬರಲಿ.

ನಿನ್ನ ತಮ್ಮ,
ಹನೋಖ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆ ಬೆಳಿಗ್ಗೆ ನಡೆದ ಉಳಿದ ಮಾತು ಇದು. "ಚಪ್ಪರಕ್ಕೆ ಆಕಾಶ ಬೇಕು ಅಂತ ನನಗ್ಯಾಕೆ ಹೇಳ್ಲಿಲ್ಲ? ನಾನು ನಿನ್ನ ಗಂಡ," ಎಂದೆ. ಅದಕ್ಕೆ ಶಿಫ್ರಾ, "ಅವನಿಗೂ ನಾನಾಗಿ ಹೇಳ್ಲಿಲ್ಲ. ನಮ್ಮಪ್ಪ ಹಬ್ಬಕ್ಕೆ ಚಪ್ಪರ ಎಲ್ಲಿ ಹಾಕ್ತಿದ್ರು ಅಂತ ಕೇಳ್ದ. ಯೆರೂಸಲೇಮ್ ಬಿಟ್ಟು ಬಂದ್ಮೇಲೆ ನನ್ನನ್ನ ಯಾರೂ ಅದನ್ನ ಕೇಳಿರ್ಲಿಲ್ಲ. ಹೇಳ್ತಾ ಹೇಳ್ತಾ ಕಾಫಿ ಆರಿಹೋಯ್ತು," ಎಂದಳು. "ಎಲ್ಲಿ ಹಾಕ್ತಿದ್ರು?" ಎಂದು ಆಗ ಕೇಳಿದೆ. "ಈಗ ಬೇಡ ಹನೋಖ್, ಅವನಿಗೆ ಹೇಳಿದೀನಲ್ಲ," ಎಂದು ಚಾಕು ತೊಳೆಯಲು ಎದ್ದುಹೋದಳು.

ಅಕ್ಕ, ದೇವರನ್ನು ನಂಬದ ಹುಡುಗ ಎಂದು ಅವಳ ಅಪ್ಪ ನನ್ನನ್ನು ಹೊಸ್ತಿಲು ಕೂಡ ದಾಟಗೊಡಲಿಲ್ಲ. ಮದುವೆಗೆ ಒಪ್ಪಿಸಲು ಆ ಮನೆಯ ಒಳಗೆ ಹೋಗಿ ಬಂದವಳು ನಮ್ಮ ಕಡೆಯಿಂದ ನೀನೊಬ್ಬಳೇ. ಅಂಗಳವಿತ್ತೇ? ಮಾಳಿಗೆಯ ಮೇಲೆ ಜಾಗವಿತ್ತೇ? ಚಪ್ಪರ ಎಲ್ಲಿ ಹಾಕುತ್ತಿದ್ದಿರಬಹುದು? ನೆನಪು ಮಾಡಿಕೊಂಡು ಕೂಡಲೇ ಬರೆ. ನೀನು ಬರೆಯದಿದ್ದರೆ ನಾನಿದನ್ನು ಎಲ್ಹನಾನನ ಹತ್ತಿರವೇ ಕೇಳಬೇಕಾಗುತ್ತದೆ.