ಹೊಗೆಗೆ ಪರವಾನಗಿ, ಬಾಗಿಲು ಮುಚ್ಚಿದವರಿಗೆ ನೋಟಿಸು

ನಗರಾಡಳಿತದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ದೀಪದ ಹಬ್ಬದ ಸಂಜೆ, ಮಂಗಳಾರತಿಯ ಹೊತ್ತಿಗೆ ಸರಿಯಾಗಿ, ದೇವಸ್ಥಾನದ ಒಳಬಾಗಿಲು ಮುಚ್ಚಿ ಭಕ್ತರ ಭಾವನೆಗೆ ಧಕ್ಕೆ ತಂದಿದ್ದಾರೆಂದು ನೀವು ಅರ್ಚಕರಿಗೆ ನೋಟಿಸು ಕಳಿಸಿದ್ದೀರಿ. ಆ ಅರ್ಚಕರು ನನ್ನ ಗಂಡ. ಲಿಖಿತ ಕ್ಷಮಾಪಣೆ ಕೇಳಿದ್ದೀರಿ. ಅದು ಬರುವುದಿಲ್ಲ. ಅದರ ಬದಲಿಗೆ ಈ ಪತ್ರ ಬಂದಿದೆ. ನಿಮ್ಮೊಬ್ಬರಿಗೇ ಬರೆದರೆ ಕಡತದೊಳಗೆ ಸುಖವಾಗಿ ನಿದ್ದೆ ಮಾಡುತ್ತದೆಂದು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಅಂದು ನೀವು ಮುಖ್ಯ ಅತಿಥಿ. ರೇಷ್ಮೆ ಶಾಲು ಹೊದ್ದು, ದೇವಸ್ಥಾನ ಸಮಿತಿಯ ಅಧ್ಯಕ್ಷರು ಕೊಟ್ಟ ಊದುಬತ್ತಿಯಿಂದ ಮೊದಲ ಪಟಾಕಿ ಸರಕ್ಕೆ ಕಿಡಿ ತಾಗಿಸಿದವರು ನೀವೇ. ಆಮೇಲೆ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಸಭಾಂಗಣದೊಳಗೆ ಬಂದು ಮೊದಲ ಸಾಲಿನಲ್ಲಿ ನಿಂತಿರಿ. ತಾವೇ ಹಚ್ಚಿದ ಹೊಗೆಯನ್ನು ತಾವೇ ಸಹಿಸಲಾರದವರು ಉಳಿದವರಿಗೆ ಅದನ್ನು ಭಕ್ತಿಯೆಂದು ಹಂಚುವುದು ಹೇಗೆ ಎಂಬುದು ನನಗಿನ್ನೂ ತಿಳಿದಿಲ್ಲ. ಇರಲಿ. ಆ ಬಾಗಿಲಿನ ಹೊರಗೆ ನಡೆದದ್ದು ನಿಮಗೆ ಗೊತ್ತು. ಒಳಗೆ ನಡೆದದ್ದನ್ನು ನೀವು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ದೇವಸ್ಥಾನದ ಹೊಸ್ತಿಲ ಬಲಗಡೆ ಕೂತು ಹೂ ಕಟ್ಟುವ ಹೆಂಗಸನ್ನು ನೀವು ನೋಡಿರುತ್ತೀರಿ, ಗಮನಿಸಿರಲಾರಿರಿ. ನಾವೆಲ್ಲ ಅವರನ್ನು ಹೂವಿನಜ್ಜಿ ಎನ್ನುತ್ತೇವೆ. ಬಾಯಿ ಜೋರು. ಚೌಕಾಸಿಗೆ ನಿಂತವರಿಗೆ, ದೇವರ ಹತ್ತಿರ ಕೇಳುವಾಗ ಮಾತ್ರ ನಿಮಗೆ ಕಡಿಮೆ ಬೇಡ, ಅಲ್ವಾ ಎಂದು ಮುಖಕ್ಕೇ ಹೇಳಿಬಿಡುವವರು. ಅವರಿಗೆ ಬಹಳ ವರ್ಷದಿಂದ ಉಬ್ಬಸ. ಸೆರಗಿನ ಗಂಟಿನಲ್ಲಿ ಚಿಲ್ಲರೆಯ ಜೊತೆ ಉಸಿರಿನ ಪಂಪು ಇರುತ್ತದೆ. ಹಬ್ಬ ಹತ್ತಿರವಾದಾಗ, ಈ ಸಲ ಮನೆಯಲ್ಲೇ ಇರಿ ಎಂದು ನಾನು ಹೇಳಿದ್ದೆ. ವರ್ಷವೆಲ್ಲ ಸೇವೆ ಮಾಡಿ ಹಬ್ಬದ ದಿನ ದೇವರಿಗೆ ಬೆನ್ನು ಹಾಕಲೇ ಎಂದು ನನ್ನನ್ನೇ ಗದರಿಸಿದರು.

ನಾನು ಗರ್ಭಗುಡಿಯ ಮುಂದಿನ ಒಳಕೋಣೆಯಲ್ಲಿ ಆರತಿ ತಟ್ಟೆಗೆ ಬತ್ತಿ ಹೊಂದಿಸುತ್ತಿದ್ದೆ. ಹೊರಗೆ ಬೀದಿ ಉದ್ದಕ್ಕೂ ಹಾಸಿದ ಸರ ಸಿಡಿಯುತ್ತಿತ್ತು. ಹೊಗೆ ಹೊಸ್ತಿಲು ದಾಟಿ ಸಭಾಂಗಣಕ್ಕೆ ನುಗ್ಗಿತು. ಅಜ್ಜಿ ಕೊನೆಯ ಮಾಲೆ ಹಿಡಿದುಕೊಂಡು ಗೋಡೆಗೆ ಕೈಯೂರುತ್ತಾ ಒಳಗೆ ಬರುತ್ತಿದ್ದರು. ಒಳಬಾಗಿಲ ಹತ್ತಿರ ಬಂದವರು ಹಾಗೇ ಕುಸಿದರು. ತುಟಿ ನೀಲಿ, ಕಣ್ಣು ಮೇಲಕ್ಕೆ. ನನ್ನ ಗಂಡ ಗಂಟೆಯನ್ನು ಕೆಳಗಿಟ್ಟು, ಎರಡೂ ಕೈಯಲ್ಲಿ ಅವರನ್ನೆತ್ತಿಕೊಂಡು ಒಳಗೆ ಮಲಗಿಸಿದರು. ಅಜ್ಜಿ ಕೈಯಾಡಿಸಿ ಬೇಡ ಎಂದರು. ಅಂಥ ಹೊತ್ತಿನಲ್ಲೂ ಅವರಿಗಿದ್ದ ಚಿಂತೆ ಒಂದೇ: "ನಾನು ಇಲ್ಲಿಗೆಲ್ಲ ಬರಬಾರ್ದು, ಸ್ವಾಮಿ."

"ಇಲ್ಲಿ ಹೊಗೆ ಕಡಿಮೆ. ಸುಮ್ನೆ ಮಲಗಿ," ಎಂದರು ನನ್ನ ಗಂಡ. ಆಮೇಲೆ ನನ್ನ ಕಡೆ ತಿರುಗಿ, "ಬಾಗಿಲು ಹಾಕು," ಎಂದರು.

"ಮಂಗಳಾರತಿ?"

"ದೇವರು ಕಾಯ್ತಾನೆ. ಇವರ ಕೈಲಿ ಕಾಯೋಕಾಗಲ್ಲ."

ಬಾಗಿಲು ಹಾಕಿದವಳು ನಾನು, ಮಾನ್ಯರೇ. ನಿಮ್ಮ ನೋಟಿಸು ಆ ಮಟ್ಟಿಗೆ ವಿಳಾಸ ತಪ್ಪಿದೆ. ಒದ್ದೆ ಪಂಚೆಯನ್ನು ಬಾಗಿಲ ಸಂದಿಗೆ ತುರುಕಿದೆ. ನಾನು ಆಸ್ಪತ್ರೆಯಲ್ಲಿ ಹೊರರೋಗಿಗಳ ಚೀಟಿ ಬರೆಯುವವಳು, ಉಬ್ಬಸದವರನ್ನು ದಿನಾ ನೋಡುತ್ತೇನೆ. ಅಜ್ಜಿಯನ್ನು ಎತ್ತಿ ಕೂರಿಸಿ ಪಂಪು ಹಿಡಿದೆ. ಒಳಗೆ ಸೇರಿಕೊಂಡಿದ್ದ ಹೊಗೆ ನಿಧಾನವಾಗಿ ಗವಾಕ್ಷಿಯಿಂದ ಹೊರಟಿತು. ಅಷ್ಟರಲ್ಲಿ ಅಧ್ಯಕ್ಷರು ಬಾಗಿಲು ಬಡಿಯತೊಡಗಿದರು.

"ಏನ್ರೀ ಇದು, ಸಾಹೇಬ್ರು ಕಾಯ್ತಾ ಇದ್ದಾರೆ."

"ಪಟಾಕಿ ನಿಲ್ಲಿಸಿ, ಆಂಬುಲೆನ್ಸ್ ಕರೆಸಿ. ಆಮೇಲೆ ತೆಗೀತೀನಿ," ಎಂದರು ನನ್ನ ಗಂಡ. "ಇಲ್ಲೊಬ್ಬರಿಗೆ ಉಸಿರು ಬರ್ತಿಲ್ಲ."

ಈ ಮಾತು ಮೊದಲ ಸಾಲಿಗೆ ಕೇಳಿಸಲಿಲ್ಲವೆಂದು ನೀವು ಹೇಳಬಹುದು. ನಿಜವೇ ಇರಬಹುದು, ಅಷ್ಟು ಸದ್ದಿತ್ತಲ್ಲ. ಕೇಳಿಸಿದ್ದು ಬಾಗಿಲ ಪಕ್ಕದಲ್ಲೇ ನಿಂತಿದ್ದ ನಮ್ಮ ಬೀದಿಯ ಇಸ್ತ್ರಿಯವನಿಗೆ. ಅವನು ಓಡಿಹೋಗಿ ಬಕೆಟ್ಟು ನೀರು ತಂದು ಉರಿಯುವ ಸರದ ಮೇಲೆ ಸುರಿದ. ಅದಕ್ಕಾಗಿ ಸಮಿತಿಯ ಹುಡುಗರಿಂದ ಕೆನ್ನೆಗೆ ಏಟು ತಿಂದ. ಸದ್ದು ನಿಂತ ಮೇಲೆ ಬಾಗಿಲು ತೆರೆಯಿತು, ನನ್ನ ಗಂಡ ಮತ್ತು ಇಸ್ತ್ರಿಯವನು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಜನರ ನಡುವೆ ಹೊತ್ತುಕೊಂಡು ಹೋದರು. ನೀವು ದಾರಿ ಬಿಟ್ಟಿರಿ. ಅದನ್ನು ಮರೆತಿಲ್ಲ. ಆದರೆ ಯಾರಿವರು, ಏನಾಯಿತು ಎಂದು ಕೇಳಲಿಲ್ಲ. ಬೀದಿಯಲ್ಲಿ ನಿಮ್ಮ ಕಾರು ಅಡ್ಡ ನಿಂತಿದ್ದರಿಂದ, ಯಾರೋ ಕರೆಸಿದ್ದ ಆಂಬುಲೆನ್ಸು ತಿರುವಿನಲ್ಲೇ ಉಳಿಯಿತು. ಅಲ್ಲಿಯವರೆಗೂ ಅವರಿಬ್ಬರೂ ಕುರ್ಚಿ ಹೊತ್ತೇ ನಡೆದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹೊಗೆ ಹಾಕಿದವರಿಗೆ ನಿಮ್ಮ ಕಚೇರಿಯ ಪರವಾನಗಿ, ಹೊಗೆ ತಡೆದವರಿಗೆ ನಿಮ್ಮ ಕಚೇರಿಯ ನೋಟಿಸು. ವೃತ್ತದಲ್ಲಿ ಗಾಳಿಯ ಗುಣಮಟ್ಟ ತೋರಿಸುವ ಫಲಕವೊಂದನ್ನು ನೀವೇ ಹಾಕಿಸಿದ್ದೀರಿ. ಬೇರೆಲ್ಲ ದಿನ ಕೆಲಸ ಮಾಡುವ ಅದು ಪ್ರತಿ ವರ್ಷ ಹಬ್ಬದ ದಿನಗಳಲ್ಲೇ ದುರಸ್ತಿಗೆ ಹೋಗುವುದು ಯಂತ್ರಕ್ಕೂ ಭಕ್ತಿ ಬಂದದ್ದರಿಂದಲೋ?

ನಮ್ಮ ಹಬ್ಬವೇ ಏಕೆ ಕಣ್ಣಿಗೆ ಬೀಳುತ್ತದೆ, ಕಾರ್ಖಾನೆ, ಲಾರಿಗಳ ಹೊಗೆ ಕಾಣುವುದಿಲ್ಲವೇ ಎಂದು ಅಧ್ಯಕ್ಷರು ಕೇಳುತ್ತಾರೆ. ಕಾಣುತ್ತದೆ. ಕಾರ್ಖಾನೆಯ ವಿರುದ್ಧ ಅವರು ಅರ್ಜಿ ಬರೆಯಲಿ, ಮೊದಲ ಸಹಿ ನನ್ನದು. ಆದರೆ ವರ್ಷವಿಡೀ ಪೆಟ್ಟು ತಿನ್ನುವವಳಿಗೆ, ಹೇಗೂ ಅಭ್ಯಾಸವಿದೆಯಲ್ಲ ಎಂದು ಹಬ್ಬದ ದಿನ ಇನ್ನೂ ಎರಡು ಬಿಗಿಯುವುದು ಯಾವ ನ್ಯಾಯ? ನಮ್ಮ ಹಬ್ಬ ಎಂದೇ ಮಾತಾಡುತ್ತಿದ್ದೇನೆ. ಬೇರೆಯವರ ಮನೆಯ ಕಸ ಗುಡಿಸಲು ಹೊರಟವಳಲ್ಲ, ನನ್ನ ಅಂಗಳದ ಕಸಕ್ಕೆ ಪೊರಕೆ ಹಿಡಿದವಳು. ದೀಪ ಹಚ್ಚಿ ಎಂದು ಹಿರಿಯರು ಹೇಳಿಕೊಟ್ಟಿದ್ದಾರೆ. ದೀಪ ಕಾಣದ ಹಾಗೆ ಹೊಗೆ ಹಾಕಿ ಎಂದು ಯಾರು ಹೇಳಿಕೊಟ್ಟರು?

ಅಜ್ಜಿ ಬದುಕಿದ್ದಾರೆ. ಆದರೆ ಹೊಗೆ, ಧೂಪ ಯಾವುದೂ ಇನ್ನು ಕೂಡದೆಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದಾರೆ. ಹೊಸ್ತಿಲ ಬಲಗಡೆ ಈಗ ಯಾರೋ ಚಪ್ಪಲಿ ಬಿಡುತ್ತಾರೆ. ನೋಟಿಸಿನ ಸುದ್ದಿ ತಿಳಿದು, ತನ್ನಿಂದ ಸ್ವಾಮಿಗಳಿಗೆ ತೊಂದರೆಯಾಯಿತೆಂದು ಅಜ್ಜಿ ಅತ್ತರಂತೆ. ಆ ಕಣ್ಣೀರಿಗೆ ಕ್ಷಮೆ ಕೇಳಬೇಕಾದವರು ಯಾರು ಎಂಬುದನ್ನು ನೀವೇ ಯೋಚಿಸಿ.

ಸಮಿತಿಯವರು ಮನೆಗೆ ಬಂದು ಬುದ್ಧಿ ಹೇಳಿದರು. ಒಂದು ಸಾಲು ಬರೆದುಕೊಟ್ಟರೆ ನಿಮ್ಮ ಗಂಟೇನೂ ಹೋಗುವುದಿಲ್ಲ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಹಾಗೆ ಮಾಡಬೇಡಿ ಎಂದರು. ನನ್ನ ಗಂಡ ಜಗಳದ ಮನುಷ್ಯರಲ್ಲ. ಅವರಿಗೆ ಕಾಫಿ ಕೊಟ್ಟು, "ಒಂದು ಸಾಲಾದ್ರೂ ಸುಳ್ಳು ಸುಳ್ಳೇ ಅಲ್ವಾ?" ಎಂದರಷ್ಟೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ನೋಟಿಸನ್ನು ಹಿಂತೆಗೆದುಕೊಳ್ಳಿ. ಮನೆ, ಗುಡಿ, ಆಸ್ಪತ್ರೆಗಳಿರುವ ಬೀದಿಗಳಲ್ಲಿ ಪಟಾಕಿಗೆ ಪರವಾನಗಿ ಕೊಡುವುದನ್ನು ನಿಲ್ಲಿಸಿ. ಸಿಡಿಸಲೇಬೇಕೆನ್ನುವವರು ಊರಾಚೆಯ ಬಯಲಿಗೆ ಹೋಗಲಿ. ಹಬ್ಬದ ದಿನವೂ ಆ ಫಲಕ ಕೆಲಸ ಮಾಡಲಿ, ನಾವು ಏನನ್ನು ಉಸಿರಾಡುತ್ತಿದ್ದೇವೆಂದು ನಮಗೆ ತಿಳಿಯಲಿ. ಇಸ್ತ್ರಿಯವನಿಗೆ ಬಿದ್ದ ಏಟಿಗೂ ಒಂದು ನೋಟಿಸು ಹೊರಡಲಿ.

ಇದ್ಯಾವುದೂ ಆಗದೆ ನನ್ನ ಗಂಡನನ್ನು ಪೂಜೆಯಿಂದ ತೆಗೆಯುವುದೇ ಸುಲಭವೆನಿಸಿದರೆ ತೆಗೆಯಿರಿ. ಬೇರೆ ಅರ್ಚಕರು ಬರುತ್ತಾರೆ. ಅವರಿಗೂ ಮೂಗಿರುತ್ತದೆ.

ಇಂತಿ,
ಹಬ್ಬ ಕಳೆದು ಇಷ್ಟು ದಿನವಾದರೂ ಕೆಮ್ಮು ಬಿಡದ, ಕ್ಷಮೆ ಕೇಳಲು ಬಾರದ,
ಅರ್ಚಕರ ಹೆಂಡತಿ