ಯಾರೂ ತಟ್ಟದ ಬಾಗಿಲು

ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಹಾಸ್ಟೆಲಿನಲ್ಲಿ ನನ್ನ ಮಗಳು ಊಟ ಬಿಟ್ಟು, ಮಾತು ಬಿಟ್ಟು ಕರಗಿಹೋಗುತ್ತಿದ್ದಾಗ ಅವಳ ಹಾಜರಾತಿ ನೂರಕ್ಕೆ ನೂರು ಇತ್ತು. ಇದಕ್ಕೆ ನಿಮ್ಮನ್ನು ಅಭಿನಂದಿಸಬೇಕೋ, ನಿಮ್ಮೆದುರು ಕೂತು ಅಳಬೇಕೋ ತಿಳಿಯದೆ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಬಟ್ಟೆ ಹೊಲಿಯುವವಳು. ಹೋದ ರಜೆಯಲ್ಲಿ ಅಳತೆ ತೆಗೆದು ಹೊಲಿದ ಅಂಗಿಯನ್ನು ಮಗಳಿಗೆ ಕೊಡಲು ಹೇಳದೆ ಕೇಳದೆ ಬಂದೆ. ತೊಡಿಸಿದರೆ ಭುಜ ಜಾರಿ ತೋಳಿಗೆ ಬಂತು. “ಕತ್ತರಿಸೋವಾಗ ಎಡವಟ್ಟು ಮಾಡ್ಕೊಂಡೆ ಕಣೇ” ಎಂದೆ. ಅವಳು ನಗಲಿಲ್ಲ. ಟೇಪು ಹಿಡಿದು ಮತ್ತೆ ಅಳೆದೆ. ಎಡವಟ್ಟು ಕತ್ತರಿಯದ್ದಾಗಿರಲಿಲ್ಲ.

ಅದೇ ಕೋಣೆಯಲ್ಲಿ ಇನ್ನೂ ಮೂವರು ಹುಡುಗಿಯರು, ಮೂವರ ಕಿವಿಯಲ್ಲೂ ಇಯರ್‌ಫೋನು. ಒಬ್ಬಳು ಗಾಬರಿಯಿಂದ ಎದ್ದು ಕೂತಳು. “ಆಂಟಿ, ಇವ್ಳು ನಮ್ಮ ಗ್ರೂಪಲ್ಲಿ ಚೆನ್ನಾಗೇ ಇದ್ಲಲ್ಲ! ದಿನಾ ನಗೋ ಮುಖ ಕಳಿಸ್ತಿದ್ಲು.” ಹೇಳುತ್ತಲೇ ಅವಳ ಕಣ್ಣು ತುಂಬಿತು. ಆ ಮಕ್ಕಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವರೂ ಒಂಟಿಗಳೇ.

ತಮ್ಮ ಬಳಿ ಬಂದರೆ ತಾವು ಅಪ್ಪಣೆ ಕೊಡಿಸಿದ್ದು: “ನೋಡಮ್ಮ, ಇದು ಮೊಬೈಲ್ ಚಟ. ಮನೇಲಿ ಬುದ್ಧಿ ಹೇಳಿ.” ಆಹಾ! ಪಾಠದ ಸೂಚನೆ ಮೊಬೈಲಿಗೆ, ಹಾಸ್ಟೆಲಿನ ಹಾಜರಿ ಮೊಬೈಲಿನಲ್ಲಿ. ಮಲಗಿದಲ್ಲೇ ಗುಂಡಿ ಒತ್ತಿದರೆ ಹುಡುಗಿ ಹಾಜರು. ಮಕ್ಕಳು ಕೂಡಿ ಹರಟುತ್ತಿದ್ದ ಹಾಲ್‌ನಲ್ಲಿ ಹಳೆಯ ಕಡತ ತುಂಬಿಸಿ ಬೀಗ ಜಡಿದಿದ್ದೀರಿ. ಆಮೇಲೆ ‘ಅತಿಯಾದ ಮೊಬೈಲ್ ಬಳಕೆಯ ದುಷ್ಪರಿಣಾಮಗಳು’ ಎಂಬ ಉಪನ್ಯಾಸ. ಅದನ್ನೂ ಮೊಬೈಲಿನಲ್ಲೇ ನೋಡಬೇಕಂತೆ. ಇಂಥ ಜಾಣತನಕ್ಕೆ ನನ್ನಂಥವಳು ಏನು ಹೇಳಲಿ? ಅವಳಿಗೆ ಚಟವಿತ್ತು, ಒಪ್ಪಿದೆ. ಅದನ್ನು ಬಿಟ್ಟು ತಲೆಯೆತ್ತಿದ್ದರೆ ಎದುರಿಗೆ ಯಾರಿದ್ದರು, ಸ್ವಾಮಿ?

ಬಸ್ಸಿನಲ್ಲಿ ಮನೆಗೆ ಕರೆತರುವಾಗ ಕೇಳಿದೆ, “ಯಾರಿಗಾದ್ರೂ ಒಂದ್ಮಾತು ಹೇಳ್ಬಾರ್ದಿತ್ತೇನೇ?”

“ಯಾರಾದ್ರೂ ಕೇಳ್ತಾರೇನೋ ಅಂತ ಕಾಯ್ತಿದ್ದೆ ಅಮ್ಮ” ಎಂದಳು.

ಈಗಲೂ ಹೊಲಿಗೆ ಯಂತ್ರ ತುಳಿಯಲು ಕೂತರೆ ಆ ಮಾತೇ ಕೇಳುತ್ತದೆ.

ಮುಂದಿನ ವಾರ ಅವಳು ವಾಪಸ್ ಬರುತ್ತಾಳೆ. ಓದು ಮುಗಿಸಲೇಬೇಕೆಂಬ ಹಟ ಅವಳದ್ದೇ. ಕಳಿಸಲು ನನಗೆ ಭಯ. ಆ ಹಾಲ್‌ನ ಬೀಗ ತೆಗೆಸಿ. ಉಪನ್ಯಾಸ ಬೇಡ. ದಿನವೂ ಸಂಜೆ ವಾರ್ಡನ್ ಒಂದೊಂದೇ ಬಾಗಿಲು ತಟ್ಟಲಿ, ಮುಖ ನೋಡಲಿ, “ಊಟ ಆಯ್ತೇನಮ್ಮ?” ಎಂದು ಬಾಯಿಬಿಟ್ಟು ಕೇಳಲಿ. “ಇಲ್ಲ” ಎಂದರೆ, ಮುಂದಿನ ಬಾಗಿಲಿಗೆ ಹೋಗುವ ಮೊದಲು ಅಲ್ಲೇ ಸ್ವಲ್ಪ ಹೊತ್ತು ಕೂರಲಿ.

ಇಂತಿ,
ಅವಳನ್ನು ಮತ್ತೆ ನಿಮ್ಮ ಕೈಗೇ ಒಪ್ಪಿಸಬೇಕಾಗಿರುವ ತಾಯಿ