ಪುಟ್ಟನ ತಟ್ಟೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಚಿನ್ನಿ,

ಹೇಗಿದ್ದೀಯ? ಮಗಳ ಹೊಟ್ಟೆಯ ಊತ ಸ್ವಲ್ಪವಾದರೂ ಇಳಿಯಿತೇ? ಕಾಗದದ ಮೇಲೆ ಕಾಗದ ಬರೆದರೂ ಉತ್ತರವಿಲ್ಲವೆಂದು ಈ ಅಕ್ಕನನ್ನು ಬೈದುಕೊಂಡಿರುತ್ತೀಯ. ಬೈದುಕೋ, ಪರವಾಗಿಲ್ಲ. ಬರೆಯಲು ಕೈಯೇ ಏಳಲಿಲ್ಲ.

ನಿನ್ನ ಪುಟ್ಟ ತೀರಿಹೋಗಿ ವರ್ಷವಾಯಿತು. ಅವನ ಚರ್ಮದಿಂದ ತೆಗೆದ ಜೀವಕೋಶಗಳು ಮಾತ್ರ ನಮ್ಮ ಪ್ರಯೋಗಾಲಯದ ತಟ್ಟೆಗಳಲ್ಲಿ ಇನ್ನೂ ಬೆಳೆಯುತ್ತಿವೆ. ಅದೇ ಕಾಯಿಲೆ ಮಗಳಿಗೂ ಬಂದಿರುವುದರಿಂದ, ಹೊಸ ಔಷಧಿಯನ್ನು ಮೊದಲು ಅಣ್ಣನ ಕೋಶಗಳ ಮೇಲೆ ನೋಡಲಿ ಎಂದು ನೀನೇ ಒಪ್ಪಿದ್ದೆ.

ಕೆಲಸವೇನೋ ಸುಲಭದ್ದು. ಆಹಾರ ನಿಲ್ಲಿಸಿದರೆ ಕೋಶವು ತನ್ನೊಳಗಿನ ಹಳೆಯ ಸಾಮಾನನ್ನೇ ಮೂಟೆ ಕಟ್ಟಿ, ಕರಗಿಸುವ ಚೀಲಕ್ಕೆ ಹಾಕಿ ತಿಂದುಕೊಳ್ಳುತ್ತದೆ. ಕೂಡಿಟ್ಟ ಕೊಬ್ಬಿನ ಹನಿಗಳನ್ನೂ ಹಾಗೆಯೇ ಖರ್ಚು ಮಾಡುತ್ತದೆ. ಪುಟ್ಟನ ಕೋಶಗಳಲ್ಲಿ ಕೊಬ್ಬು ಆ ಚೀಲದವರೆಗೆ ಹೋಗುತ್ತದೆ, ಕರಗುವುದಿಲ್ಲ. ಔಷಧಿ ಕರಗಿಸುತ್ತದೆಯೇ ಎಂದು ತಿಳಿಯಬೇಕಾದರೆ ಮೊದಲು ಅವನ್ನು ಉಪವಾಸ ಕೆಡವಬೇಕು.

ಅದೇ ನನ್ನಿಂದಾಗಲಿಲ್ಲ ಕಣೇ. ಊಟ ಸ್ವಲ್ಪ ತಡವಾದರೆ ಬೀದಿಯನ್ನೆಲ್ಲ ಒಂದು ಮಾಡುತ್ತಿದ್ದವನು ಅವನು. ಆಹಾರವಿಲ್ಲದ ದ್ರವ ಹಾಕಿ, ತಟ್ಟೆಯನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಮನೆಗೆ ಬರುತ್ತಿದ್ದೆ. ಇಲ್ಲಿ ಬಡಿಸಿಕೊಂಡ ಅನ್ನವನ್ನು ಹಾಗೆಯೇ ಬಿಟ್ಟು ಏಳುತ್ತಿದ್ದೆ. ತಿರುಗಿ ಹೋಗಿ ಅವನಿಗೆ ಆಹಾರ ಹಾಕಿ ಬರುತ್ತಿದ್ದೆ. ಹೀಗೆ ಎರಡು ಸಲ ಪ್ರಯೋಗ ಹಾಳಾಯಿತು. ನಮ್ಮ ಮೇಡಂ ಪಾಪ, ರೇಗಲಿಲ್ಲ. “ನೀವು ಹೀಗೆ ಉಣ್ಣಿಸ್ತಾ ಕೂತ್ರೆ, ಆ ಮಗೂಗೆ ಔಷಧಿ ಕೊಡೋದೋ ಬೇಡ್ವೋ ಅಂತ ಡಾಕ್ಟ್ರಿಗೆ ಏನು ಹೇಳ್ಲಿ?” ಎಂದರು. ಮುಂದಿನ ಸಲ ಅವರೇ ಪೆಟ್ಟಿಗೆಗೆ ಬೀಗ ಹಾಕಿ ಕೀಲಿ ಜೇಬಿಗಿಳಿಸಿದರು.

ಚಿನ್ನಿ, ಔಷಧಿ ಕೆಲಸ ಮಾಡಲಿಲ್ಲ. ಕೊಬ್ಬಿನ ಹನಿಗಳು ಇದ್ದಲ್ಲೇ ಇದ್ದವು. ಡಾಕ್ಟರು ಹೇಳುವ ಮುಂಚೆ ಮನೆಯವರ ಬಾಯಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಮಗಳಿಗೆ ಬೇರೆ ದಾರಿ ಸದ್ಯಕ್ಕೆ ಯಾರಿಗೂ ಗೊತ್ತಿಲ್ಲ. ಸುಳ್ಳು ಧೈರ್ಯ ಹೇಳಲು ನನಗೆ ಬಾಯಿ ಬರುವುದಿಲ್ಲ.

ಹೊತ್ತು ಹೊತ್ತಿಗೆ ಏನಾದರೂ ತಿನ್ನು. ಅವಳ ತಲೆ ಸವರಿ, ದೊಡ್ಡಮ್ಮ ಹರಸಿದ್ದಾಳೆ ಎಂದು ಹೇಳು.

ನಿನ್ನ
ಅಕ್ಕ

ತಾ.ಕ.: ಎಲ್ಲ ಮುಗಿದ ಮೇಲೆ ಆ ಕೋಶಗಳನ್ನು ಏನು ಮಾಡುತ್ತಾರೆ ಎಂದು ಕೇಳಿದ್ದೆಯಲ್ಲ. ಬ್ಲೀಚ್ ಸುರಿದು ಚೆಲ್ಲುತ್ತಾರೆ. ನಾನೇ ಚೆಲ್ಲುತ್ತೇನೆಂದು ತಟ್ಟೆಗಳನ್ನು ಮೇಡಂ ಕೈಯಿಂದ ತೆಗೆದುಕೊಂಡೆ. ಉಪವಾಸ ಕೆಡವದೆ ಉಳಿಸಿದ್ದ ಒಂದು ತಟ್ಟೆಯನ್ನು ಚೆಲ್ಲಲಿಲ್ಲ. ಪೆಟ್ಟಿಗೆಯ ಹಿಂದಿನ ಮೂಲೆಯಲ್ಲಿದೆ. ಇವತ್ತು ರಜೆ, ಆದರೂ ಬೆಳಿಗ್ಗೆ ಹೋಗಿ ಆಹಾರ ಹಾಕಿ ಬಂದೆ. ನೀನು ಸಾಕು ಅಂದರೆ ನಿಲ್ಲಿಸುತ್ತೇನೆ. ಅನ್ನಬೇಡ ಕಣೇ.